ಸಣ್ಣ ಊರಿನ ಜಮಾ-ಖರ್ಚು

ಬೆಂಗಳೂರಿನಲ್ಲಿ ನೌಕರಿ ಮಾಡಿಕೊಂಡಿರುವ ನನ್ನ ಮಗ ಕಳೆದ ದೀಪಾವಳಿಗೆ ಶಿರಸಿಗೆ ಬಂದಿದ್ದಾಗ, ಊಟದ ಎಲೆಯ ಮುಂದೆ ಕುಳಿತು, ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತೊಂದನ್ನು ಆಡಿದ: “ಅಪ್ಪಯ್ಯ, ಇನ್ನು ಈ ಮನೆ ಮಾರಿ ನೀವಿಬ್ಬರೂ ನಮ್ಮ ಸಂಗಡ ಬಂದುಬಿಡಿ.” ಬಡಿಸುತ್ತಿದ್ದ ನನ್ನ ಹೆಂಡತಿ ಸೌಟನ್ನು ಹಾಗೆಯೇ ಹಿಡಿದು ನನ್ನ ಮುಖ ನೋಡಿದಳು. ನಾನು “ನೋಡೋಣ” ಎಂದೆ. ಸಂಸಾರದಲ್ಲಿ ‘ನೋಡೋಣ’ ಎಂಬ ಮಾತಿಗೆ ಹೌದೆಂಬ ಅರ್ಥವೂ ಇಲ್ಲ, ಅಲ್ಲವೆಂಬ ಅರ್ಥವೂ ಇಲ್ಲ. ತೀರ್ಮಾನವನ್ನು ಮುಂದಕ್ಕೆ ಹಾಕುವ ಒಂದು ಗೌರವಯುತವಾದ ಉಪಾಯವಷ್ಟೆ. ಆದರೆ ಹಬ್ಬ ಮುಗಿದು ಮಗ ಹೊರಟುಹೋದ ಮೇಲೆ ಮಾತು ಮನೆಯಲ್ಲಿಯೇ ಉಳಿಯಿತು.

ನಾನು 34 ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವನು. ಯಾವ ಸಂಶಯ ಬಂದರೂ ಹಾಳೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಬರೆಯುವುದು ನನಗೆ ಅಂಟಿದ ಚಾಳಿ. ಈ ಬಾರಿಯೂ ಹಾಗೆಯೇ ಮಾಡಿದೆ. ಬರೆಯುತ್ತ ಹೋದಂತೆ ಇದು ನನ್ನೊಬ್ಬನ ಮನೆಯ ಲೆಕ್ಕವಲ್ಲ, ನಾಡಿನ ನೂರಾರು ಪಟ್ಟಣಗಳ ಲೆಕ್ಕ ಎಂದು ತೋರಿತು. ನಮ್ಮ ದೇಶದಲ್ಲಿ ಜನಗಣತಿ ನಡೆದು ಬಹುಕಾಲವಾಯಿತು. 2011ರ ತರುವಾಯ 2021ರಲ್ಲಿ ಆಗಬೇಕಾಗಿದ್ದ ಗಣತಿ ಕೊರೋನಾ ಪಿಡುಗಿನ ದೆಸೆಯಿಂದ ಮುಂದೆ ಹೋಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರದ ದಿನವೆಂದು ಸರ್ಕಾರ 2025ರ ಜೂನ್ ತಿಂಗಳಲ್ಲಿ ಸಾರಿತು. ಆ ದಿನ ನಾವಿಬ್ಬರು ಯಾವ ಊರಿನ ಲೆಕ್ಕಕ್ಕೆ ಸೇರಿರುತ್ತೇವೆ? ನಮ್ಮಂಥ ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಎದ್ದಿರಬಹುದು? ಆ ಮನೆಗಳವರಿಗಾಗಿ ನನ್ನ ಹಾಳೆಯನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಮೊದಲು, ಸಣ್ಣ ಊರು ಎಂದರೇನು? ಜನಗಣತಿಯವರ ಪ್ರಕಾರ ಕನಿಷ್ಠ 5000 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯದ ಹೊರಗಿನ ಕಸುಬಿನವರು, ಚದರ ಕಿಲೋಮೀಟರಿಗೆ 400 ಜನರ ದಟ್ಟಣೆ ಇವು ಇದ್ದರೆ ಅದು ಪಟ್ಟಣ. ಅದಕ್ಕಿಂತ ಮೇಲೆ ಹೋದಂತೆ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆ ಎಂಬ ಮೆಟ್ಟಿಲುಗಳು. 2011ರ ಗಣತಿಯಲ್ಲಿ ಶಿರಸಿ 60 ಸಾವಿರವನ್ನು ತುಸು ಮೀರಿದ ನಗರಸಭೆ. ಅದೇ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದರಲ್ಲಿ ನೂರಕ್ಕೆ 38ಕ್ಕೂ ಮಿಕ್ಕಿ ಜನ ಪಟ್ಟಣವಾಸಿಗಳು. ಆ ಪಟ್ಟಣವಾಸಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಬೆಂಗಳೂರು ಎಂಬ ಒಂದೇ ಊರಿನಲ್ಲಿದ್ದರು. ಉಳಿದವರು ನಾಡಿನ ಉದ್ದಗಲಕ್ಕೂ ಹರಡಿದ ಸಣ್ಣ, ನಡುವಣ ಊರುಗಳಲ್ಲಿ. ಒಂದು ಮನೆಯ ಒಬ್ಬನೇ ಮಗನಿಗೆ ಉಣಬಡಿಸಿ ಉಳಿದವರಿಗೆ ‘ನಾಳೆ ನೋಡೋಣ’ ಎಂದರೆ ಹೇಗಿರುತ್ತದೆಯೋ ನಮ್ಮ ನಾಡಿನ ನಗರನೀತಿಯೂ ಬಹುಕಾಲ ಹಾಗೆಯೇ ನಡೆದಿದೆ.

ಇನ್ನು ಜಮಾ ಬದಿ. ಇಲ್ಲಿ ನಾನು ಸಣ್ಣ ಊರನ್ನು ಹೊಗಳುವವರ ಮಾಮೂಲು ಮಾತುಗಳನ್ನೆಲ್ಲ ಒಪ್ಪಲಾರೆ. ಸಣ್ಣ ಊರಿನಲ್ಲಿ ಎಲ್ಲವೂ ಅಗ್ಗ ಎನ್ನುತ್ತಾರೆ. ಅಗ್ಗವಾದದ್ದು ಮನೆಬಾಡಿಗೆ ಮಾತ್ರ. ಅಕ್ಕಿ, ಬೇಳೆ, ಎಣ್ಣೆಗಳಿಗೆ ಶಿರಸಿಯ ಪೇಟೆ ಬೆಂಗಳೂರಿಗಿಂತ ಕಡಮೆಯೇನೂ ಕೇಳುವುದಿಲ್ಲ. ಘಟ್ಟ ಹತ್ತಿ ಬರುವ ಸಾಮಾನಿಗೆ ಲಾರಿಯ ಬಾಡಿಗೆಯೂ ಸೇರುತ್ತದೆ. ನಿವೇಶನಗಳ ಬೆಲೆಯಂತೂ ಹೊರಊರುಗಳಲ್ಲಿ ದುಡಿಯುವವರ ಹಣ ಬಂದ ಮೇಲೆ ಇಲ್ಲಿಯೇ ದುಡಿಯುವವನ ಕೈಗೆ ಎಟುಕುತ್ತಿಲ್ಲ. ಸಣ್ಣ ಊರಿನಲ್ಲಿ ನೆಮ್ಮದಿ ಹೆಚ್ಚು ಎನ್ನುತ್ತಾರೆ. ಸಾಲಗಾರನಿಗೆ ಯಾವ ಊರಿನಲ್ಲಿ ನೆಮ್ಮದಿ?

ನಿಜವಾದ ಮೊದಲ ಲಾಭವೆಂದರೆ ಹೊತ್ತು. ನನ್ನ ಮನೆಯಿಂದ ಪೇಟೆಗೆ, ಅಂಚೆಕಚೇರಿಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ, ಸ್ಮಶಾನಕ್ಕೆ ಎಲ್ಲಕ್ಕೂ ಕಾಲ್ನಡಿಗೆಯ ದಾರಿ. ನನ್ನ ಮಗ ದಿನಕ್ಕೆ ಮೂರು ಗಂಟೆ ರಸ್ತೆಯ ಮೇಲೆ ಕಳೆಯುತ್ತಾನೆ. ವರ್ಷಕ್ಕೆ 250 ದಿನ ಕಚೇರಿಗೆ ಹೋದನೆಂದು ಹಿಡಿದರೂ 750 ಗಂಟೆ, ಎಂದರೆ ಒಂದು ತಿಂಗಳಿಗೂ ಮಿಕ್ಕಿದ ಹಗಲಿರುಳು. ಹಣವನ್ನು ಸಾಲ ತರಬಹುದು, ಹೊತ್ತನ್ನು ತರಲಾಗದು. 2020ರ ಬೇಸಿಗೆಯಲ್ಲಿ ಕೊರೋನಾದಿಂದ ಕಚೇರಿಗಳೆಲ್ಲ ಮುಚ್ಚಿದಾಗ ಅವನು ತನ್ನ ಗಣಕಯಂತ್ರದೊಡನೆ ಇಲ್ಲಿಗೇ ಬಂದು, ಮಾಳಿಗೆಯ ಕೋಣೆಯಿಂದ ತಿಂಗಳುಗಟ್ಟಲೆ ಕೆಲಸ ಮಾಡಿದ. ಸಂಜೆ ಐದೂವರೆಗೆ ಕೆಲಸ ಮುಗಿಸಿ ಆರು ಗಂಟೆಗೆ ತನ್ನ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ಮತ್ತೆ ಕಚೇರಿ ಕರೆಯಿತು, ಹೋದ. ಆ ಕೆಲಸ ಇಲ್ಲಿಂದಲೂ ಸಾಧ್ಯ ಎಂದು ಒಮ್ಮೆ ಸಿದ್ಧವಾಗಿತ್ತು ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಎರಡನೆಯ ಲಾಭ ಇನ್ನೂ ದೊಡ್ಡದು. ಸಣ್ಣ ಊರಿನಲ್ಲಿ ಜನ ಒಟ್ಟಾಗಿ ಏನನ್ನಾದರೂ ಮಾಡಬಲ್ಲರು. ಒಬ್ಬರ ಮುಖ ಒಬ್ಬರಿಗೆ ಗೊತ್ತು. ಮಾತು ತಪ್ಪಿದವನು ಮರುದಿನ ಅದೇ ಪೇಟೆಯಲ್ಲಿ ನಡೆಯಬೇಕು. ಶಿರಸಿಯ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು 1920ರಲ್ಲಿಯೂ, ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿಯೂ ಹುಟ್ಟಿದವು. ಆಗ ನಮ್ಮ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ರಾಜಧಾನಿ ಕಡಲ ದಾರಿಯಲ್ಲಿ ದೂರ, ನಾಡಿನ ದೊರೆಗಳಿಗೆ ನಮ್ಮ ಹೆಸರೂ ತಿಳಿಯದು. ಅಡಕೆ ಬೆಳೆದವನು ವ್ಯಾಪಾರಿಯಲ್ಲಿ ಮುಂಗಡ ಪಡೆದು, ಅವನು ಹೇಳಿದ ದರಕ್ಕೆ ಮಾಲು ಒಪ್ಪಿಸುವ ಕಾಲ. ಅಂಥಲ್ಲಿ ಬೆಳೆಗಾರರೇ ಸೇರಿ ತಮ್ಮ ಮಾಲನ್ನು ತಾವೇ ಮಾರುವ ವ್ಯವಸ್ಥೆ ಕಟ್ಟಿಕೊಂಡರು. ಶತಮಾನ ದಾಟಿ ಅದು ನಡೆದಿದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿತು.

ಇನ್ನೊಂದು ನಿದರ್ಶನ 1983ರದು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಕಡೆಯ ಕಾಡಿನಲ್ಲಿ ಮರ ಕಡಿಯಲು ಬಂದವರ ಎದುರು ಹಳ್ಳಿಯ ಹೆಂಗಸರು, ತರುಣರು ಮರಗಳನ್ನು ಅಪ್ಪಿ ನಿಂತರು. ‘ಅಪ್ಪಿಕೋ’ ಎಂಬ ಅಚ್ಚಗನ್ನಡದ ಹೆಸರು ಅಂದಿನಿಂದ ದೇಶದ ಪರಿಸರ ಚಳವಳಿಯ ಚರಿತ್ರೆಯಲ್ಲಿ ಸೇರಿತು. ಅದಕ್ಕೂ ಮುಂಚೆ ಬೇಡ್ತಿ ಕಣಿವೆಯನ್ನು ಮುಳುಗಿಸಲಿದ್ದ ವಿದ್ಯುತ್ ಯೋಜನೆಯನ್ನು ಇದೇ ಸೀಮೆಯ ಜನ ಅಂಕಿ-ಅಂಶಗಳ ಸಮೇತ ಪ್ರಶ್ನಿಸಿ ತಡೆದಿದ್ದರು. ಇಂಥ ಕೆಲಸಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಪರಸ್ಪರ ಪರಿಚಯ. ಅದು ಸಣ್ಣ ಊರಿನ ಮೂಲಧನ.

ಇಲ್ಲಿಗೆ ಜಮಾ ಬದಿಯನ್ನು ನಿಲ್ಲಿಸಿ ಖರ್ಚಿನ ಬದಿಗೆ ಬರುತ್ತೇನೆ. ಅಲ್ಲಿ ಮೊದಲ ಬಾಬು ನನ್ನ ಹೆಂಡತಿಯ ಎದೆ.

ಮೂರು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ, ಒಂದೂವರೆ ಗಂಟೆಯ ಸುಮಾರಿಗೆ ಅವಳು ನನ್ನನ್ನು ಎಬ್ಬಿಸಿ, “ಎದೆ ಹಿಂಡಿದಂತಾಗುತ್ತದೆ” ಎಂದಳು. ಮೈಯೆಲ್ಲ ಬೆವರು. ಹೊರಗೆ ಮಳೆ ಹೇಗೆ ಸುರಿಯುತ್ತಿತ್ತೆಂದರೆ ನಾನು ಕೂಗಿದ್ದು ಎದುರುಮನೆಗೆ ಕೇಳಿಸಿದ್ದೇ ಆಶ್ಚರ್ಯ. ಎದುರುಮನೆಯ ಯಜಮಾನರು ಬನಿಯನ್ನಿನಲ್ಲಿಯೇ ಓಡಿಬಂದರು, ತಮ್ಮ ಕಾರು ತೆಗೆದರು. ಪರಿಚಯದ ವೈದ್ಯರೊಬ್ಬರು ಎದ್ದು ಬಂದು ಪರೀಕ್ಷೆ ಮಾಡಿ, ಕೈಯಲ್ಲಿದ್ದ ಔಷಧ ಕೊಟ್ಟು, “ತಡ ಮಾಡಬೇಡಿ, ಹುಬ್ಬಳ್ಳಿಗೆ ಹೊರಡಿ” ಎಂದರು. ಹುಬ್ಬಳ್ಳಿ ಸುಮಾರು 100 ಕಿಲೋಮೀಟರು. ಮುಂಡಗೋಡದ ದಾರಿಯಲ್ಲಿ ಒಂದು ಕಡೆ ಮರ ಬಿದ್ದಿತ್ತು. ಎದುರುಮನೆಯವರು ಮಳೆಯಲ್ಲಿ ಇಳಿದು, ಹಿಂದೆ ಬಂದ ಲಾರಿಯವರನ್ನು ಕೂಡಿಸಿಕೊಂಡು ಅದನ್ನು ಸರಿಸಿದರು. ನಾನು ಹಿಂದಿನ ಆಸನದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಲೋಮೀಟರು ಕಲ್ಲುಗಳನ್ನು ಎಣಿಸುತ್ತಿದ್ದೆ. ತಲುಪುವಾಗ ಬೆಳಗಿನ ಐದು ಗಂಟೆ. ಅವಳು ಬದುಕಿದಳು. “ಎರಡು ಗಂಟೆ ಮೊದಲು ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ” ಎಂದು ಅಲ್ಲಿಯ ವೈದ್ಯರು ಹೇಳಿದರು. ಆ ಎರಡು ಗಂಟೆಯನ್ನು ನಾನು ಯಾವ ಊರಿನ ಲೆಕ್ಕಕ್ಕೆ ಬರೆಯಲಿ?

ಇದು ನಮ್ಮೊಬ್ಬರ ಪಾಡಲ್ಲ. ಉತ್ತರ ಕನ್ನಡ 10 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಿಲ್ಲೆ. 2011ರಲ್ಲಿಯೇ 14 ಲಕ್ಷ ಜನ. ಕಡಲು, ಘಟ್ಟ, ಕಾಡು ಮೂರೂ ಸೇರಿದ ಈ ನೆಲದಲ್ಲಿ ಗಂಭೀರ ಕಾಯಿಲೆ ಬಂದವನನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಒಯ್ಯುವುದು ರೂಢಿಯಾಗಿಬಿಟ್ಟಿದೆ. 2016ರಲ್ಲಿ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತೆಂಬುದು ನಿಜ; ಆದರೆ ಕಾರವಾರ ಜಿಲ್ಲೆಯ ಒಂದು ತುದಿ, ಶಿರಸಿಯಿಂದ 120 ಕಿಲೋಮೀಟರಿನ ಆಸುಪಾಸು, ನಡುವೆ ಘಟ್ಟ. 2019ರಲ್ಲಿ ಜಿಲ್ಲೆಯ ತರುಣರು ‘ನಮಗೊಂದು ದೊಡ್ಡ ಆಸ್ಪತ್ರೆ ಬೇಕು’ ಎಂದು ಸಮೂಹ ಮಾಧ್ಯಮಗಳಲ್ಲಿ ದನಿಯೆತ್ತಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಬಳಿಯ ಶಿರೂರಿನ ಟೋಲ್ ಕಟ್ಟೆಯಲ್ಲಿ ಮಗುಚಿ ನಾಲ್ವರು ಸತ್ತರು. ಮತ್ತೆ ಕೂಗೆದ್ದಿತು, ಆಶ್ವಾಸನೆಗಳು ಬಂದವು. ಆಶ್ವಾಸನೆಯಲ್ಲಿ ಹಾಸಿಗೆಗಳಿರುವುದಿಲ್ಲ.

ಖರ್ಚಿನ ಎರಡನೆಯ ಬಾಬು, ಮಕ್ಕಳು. ನನ್ನಲ್ಲಿ ಓದಿದ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಊರಿನಲ್ಲಿ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಶಿರಸಿಯಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಇದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅರಣ್ಯಶಾಸ್ತ್ರದ ಕಾಲೇಜೂ ಇದೆ. ಆದರೆ ಓದಿಸಿದಷ್ಟೂ ಮಕ್ಕಳು ದೂರವಾಗುತ್ತಾರೆ. ನಾವು ಶಿಕ್ಷಕರು ಒಂದು ಬಗೆಯಲ್ಲಿ ಊರನ್ನು ಖಾಲಿ ಮಾಡುವ ಕೆಲಸವನ್ನೇ ಸಂಬಳ ತೆಗೆದುಕೊಂಡು ಮಾಡಿದೆವು. ಇಡೀ ಪೇಟೆ ಒಂದೇ ಬೆಳೆಯ ಮೇಲೆ ನಿಂತಿದೆ. ಮಳೆ ಹೆಚ್ಚಾಗಿ ಕೊಳೆರೋಗ ಬಂದ ವರ್ಷ ಅಡಕೆ ಉದುರುವುದು ತೋಟದಲ್ಲಿ, ವ್ಯಾಪಾರ ಕುಸಿಯುವುದು ಬಟ್ಟೆಯಂಗಡಿಯಲ್ಲಿ. ಇದಕ್ಕೆ ಸೇರಿದಂತೆ ರೈಲಿಲ್ಲ. ದಕ್ಷಿಣದಿಂದ ತಾಳಗುಪ್ಪದವರೆಗೆ ಬಂದ ಹಳಿ ಅಲ್ಲಿಯೇ ನಿಂತಿದೆ. ಕೊಂಕಣ ರೈಲು ಘಟ್ಟದ ಕೆಳಗೆ ಕುಮಟೆಯಲ್ಲಿ ಹಾದುಹೋಗುತ್ತದೆ.

ಆದರೆ ಸಣ್ಣ ಊರಿನ ಬಗ್ಗೆ ಎಲ್ಲಕ್ಕಿಂತ ಖಚಿತವಾದ ತೀರ್ಪನ್ನು ಕೊಟ್ಟವರು ಅರ್ಥಶಾಸ್ತ್ರಜ್ಞರಲ್ಲ, ನಮ್ಮ ಹೆಣ್ಣುಮಕ್ಕಳು. ತೋಟವಿದೆ, ಮನೆಯಿದೆ, ಮಾವ ಅತ್ತೆ ಒಳ್ಳೆಯವರು ಎಂದರೂ ಊರಿನಲ್ಲಿರುವ ಹುಡುಗ ಬೇಡವೆನ್ನುತ್ತಾರೆ. ನಲವತ್ತು ಮುಟ್ಟಿದ ಅವಿವಾಹಿತ ತರುಣರು ನಮ್ಮ ಸೀಮೆಯ ಪ್ರತಿಯೊಂದು ಕೇರಿಯಲ್ಲಿಯೂ ಸಿಗುತ್ತಾರೆ. ಇದನ್ನು ಹಿರಿಯರು ‘ಪೇಟೆಯ ಮರುಳು’ ಎಂದು ಹಳಿಯುತ್ತಾರೆ. ನಾನೂ ಹಾಗೆಯೇ ಹಳಿಯುತ್ತಿದ್ದೆ. ನನ್ನ ಕಣ್ಣು ತೆರೆಸಿದ್ದು ನನ್ನದೇ ಮಾಳಿಗೆಯಲ್ಲಿ ನಡೆದ ಒಂದು ಸಂಗತಿ. ಹೇಳಲು ಸಂಕೋಚವಾದರೂ ಹೇಳದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಮಗ ಬೆಂಗಳೂರಿಗೆ ಮರಳಿದ ಮೇಲೆ ಖಾಲಿಯಾದ ಮಾಳಿಗೆಯನ್ನು ಕಾಲೇಜೊಂದಕ್ಕೆ ಹೊಸದಾಗಿ ಬಂದ ಅಧ್ಯಾಪಕಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಬಯಲುಸೀಮೆಯ ಹುಡುಗಿ, ಮೂವತ್ತರೊಳಗಿನ ವಯಸ್ಸು. ಮನೆ ಕೇಳಲು ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ ಊರು ಯಾವುದೆಂದು, ಎರಡನೆಯದು ಕೆಲಸ ಕಾಯಂ ಆಗಿದೆಯೇ ಎಂದು. ಮೂರನೆಯ ಪ್ರಶ್ನೆ, “ನಿಮ್ಮದು ಯಾವ ಪೈಕಿ?” ಅವಳು ಒಂದು ಕ್ಷಣ ಸುಮ್ಮನಿದ್ದು ಉತ್ತರ ಹೇಳಿದಳು. ಆ ಉತ್ತರ ಕೇಳಿಯೂ ಮನೆ ಕೊಟ್ಟೆನೆಂದು ನಾನು ಆಗ ನನ್ನನ್ನೇ ಮೆಚ್ಚಿಕೊಂಡೆ; ಕೇಳಿದ್ದೇ ತಪ್ಪೆಂದು ಹೊಳೆಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಎದುರುಮನೆಯ ಯಜಮಾನರು ಒಂದು ಸಂಜೆ ಬಂದು ಜಗಲಿಯಲ್ಲಿ ಕುಳಿತು, “ಮೇಲಿನವರ ಮನೆಗೆ ರಾತ್ರಿ ಒಂಬತ್ತರವರೆಗೂ ಯಾರೋ ಗಂಡಸರು ಬಂದು ಕೂತಿರುತ್ತಾರಲ್ಲ” ಎಂದರು. ಬಂದವರು ಅವಳ ಸಹೋದ್ಯೋಗಿಗಳು, ಪರೀಕ್ಷೆಯ ಕಾಗದದ ಕೆಲಸಕ್ಕೆ ಬಂದವರು. ಅದು ನನಗೆ ಗೊತ್ತಿತ್ತು. ಆದರೂ ಮರುದಿನ ಅವಳನ್ನು ಕರೆದು, “ತಾಯೀ, ಇದು ಸಣ್ಣ ಊರು, ಸ್ವಲ್ಪ ನೋಡಿಕೊಂಡು ಇರಬೇಕು” ಎಂದೆ. ಅವಳು ವಾದಿಸಲಿಲ್ಲ. ಹದಿನೈದು ದಿನದಲ್ಲಿ ಮನೆ ಬಿಟ್ಟಳು. ಬೀಗದ ಕೈ ಒಪ್ಪಿಸುವಾಗ ಹೇಳಿದ ಮಾತು ಇಷ್ಟು: “ಸರ್, ಮನೆಯನ್ನು ನನಗೆ ಕೊಟ್ಟಿದ್ದಿರಿ, ಕೈಯನ್ನು ಮಾತ್ರ ಎದುರುಮನೆಯವರ ಹತ್ತಿರ ಇಟ್ಟಿದ್ದಿರಿ.”

ಆ ಎದುರುಮನೆಯವರೇ ಒಂದು ವರ್ಷದ ಅನಂತರ, ಮಳೆಯಲ್ಲಿ, ಬನಿಯನ್ನಿನಲ್ಲಿ ಓಡಿಬಂದವರು.

ಸಣ್ಣ ಊರಿನ ಗುಣ-ದೋಷಗಳ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮನ್ನು ಕಾಯುವ ಕಣ್ಣೂ ಕಾಡುವ ಕಣ್ಣೂ ಒಂದೇ. ನಡುರಾತ್ರಿ ದೀಪ ಹತ್ತಿದ್ದನ್ನು ಕಂಡು ಓಡಿಬರುವವನು, ರಾತ್ರಿ ಒಂಬತ್ತಕ್ಕೆ ದೀಪ ಹತ್ತಿದ್ದನ್ನೂ ಕಾಣುತ್ತಾನೆ. ಬೆಂಗಳೂರಿನಲ್ಲಿ ನಾವು ಎರಡು ತಿಂಗಳು ಮಗನ ಮನೆಯಲ್ಲಿದ್ದೆವು, ಹದಿನಾಲ್ಕನೆಯ ಅಂತಸ್ತು, ಬಾಲ್ಕನಿಯಲ್ಲಿ ನಿಂತರೆ ದೊಡ್ಡ ಆಸ್ಪತ್ರೆಯ ದೀಪದ ಫಲಕ ಕಾಣುತ್ತದೆ. ಪಕ್ಕದ ಮನೆಯವರ ಹೆಸರು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಅಲ್ಲಿ ಯಾರೂ ನನ್ನನ್ನು ನೋಡಲಿಲ್ಲ. ನನಗೆ ಅದು ಅನಾಥತನವೆನಿಸಿತು. ನನ್ನ ಮಾಳಿಗೆ ಬಿಟ್ಟುಹೋದ ಆ ಹುಡುಗಿಗೆ ಅದೇ ಬಿಡುಗಡೆಯೆನಿಸುತ್ತಿತ್ತು. ಜಾತಿಯಲ್ಲಿ, ವಯಸ್ಸಿನಲ್ಲಿ, ಗಂಡಸುತನದಲ್ಲಿ ಅನುಕೂಲವಾದ ಕಡೆ ಹುಟ್ಟಿದವನಿಗೆ ಸಣ್ಣ ಊರು ತವರು. ಉಳಿದವರಿಗೆ ಅದೇ ಊರು ಕಾವಲುಮನೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಹಳ್ಳಿಯನ್ನು ಆದರ್ಶವೆಂದು ಕೊಂಡಾಡುವವರನ್ನು ಕಟುವಾಗಿ ಖಂಡಿಸಿ, ಅದರ ಸಂಕುಚಿತತೆಯನ್ನು ಎತ್ತಿ ಹೇಳಿದರು. ಅವರು ಹೇಳಿದ್ದು ಹಳ್ಳಿಯ ಕುರಿತು. ಆದರೆ ನಮ್ಮ ಸಣ್ಣ ಪಟ್ಟಣಗಳ ಜಗಲಿಗಳು ಹಳ್ಳಿಯಿಂದ ಬಹಳ ದೂರವೇನೂ ಇಲ್ಲ.

ಹಾಗಾದರೆ ಖರ್ಚಿನ ಬದಿಯ ಬಾಬುಗಳನ್ನೆಲ್ಲ ಊರಿನ ಸಣ್ಣತನದ ತಲೆಗೇ ಕಟ್ಟಬಹುದೆ? ಇಲ್ಲಿ ನಮ್ಮ ಚರ್ಚೆಗಳು ದಾರಿ ತಪ್ಪುತ್ತವೆ. ಲೆಕ್ಕಪುಸ್ತಕದಲ್ಲಿ ಎರಡು ಬಗೆಯ ನಷ್ಟಗಳನ್ನು ಬೇರೆಬೇರೆ ಬರೆಯಬೇಕು: ವ್ಯಾಪಾರದ ಸ್ವಭಾವದಿಂದ ಆದದ್ದು ಒಂದು, ಮೇಲಿನವರ ಅಲಕ್ಷ್ಯದಿಂದ ಆದದ್ದು ಇನ್ನೊಂದು. ಎದುರುಮನೆಯ ಕಣ್ಣು ಮೊದಲ ಬಗೆಯದು. ಅದು ಊರು ಸಣ್ಣದಾಗಿರುವುದರಿಂದಲೇ ಬಂದದ್ದು. ಆಸ್ಪತ್ರೆ, ರಸ್ತೆ, ನೌಕರಿ ಎರಡನೆಯ ಬಗೆಯವು. 60 ಸಾವಿರ ಜನರ ಊರಿಗೆ, ಅದರ ಸುತ್ತಣ ನಾಲ್ಕಾರು ತಾಲ್ಲೂಕುಗಳಿಗೆ, ಹೃದಯದ ತುರ್ತು ಚಿಕಿತ್ಸೆ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ಅಲಕ್ಷ್ಯಕ್ಕೆ ಇತಿಹಾಸವಿದೆ. ಸಣ್ಣ ಮತ್ತು ನಡುವಣ ಪಟ್ಟಣಗಳ ಅಭಿವೃದ್ಧಿಗೆಂದೇ ಕೇಂದ್ರ ಸರ್ಕಾರ 1979ರಲ್ಲಿ ಒಂದು ಯೋಜನೆ ತಂದಿತ್ತು. ಮಹಾನಗರಗಳತ್ತ ಹರಿಯುವ ಜನರನ್ನು ನಡುವೆಯೇ ನಿಲ್ಲಿಸುವ ಅದರ ಆಶಯ ಒಳ್ಳೆಯದು, ಹಣ ಮಾತ್ರ ಅಲ್ಪ. 2015ರಲ್ಲಿ ಬಂದ ‘ಅಮೃತ್’ ಯೋಜನೆ ಮುಖ್ಯವಾಗಿ 1 ಲಕ್ಷಕ್ಕಿಂತ ಹೆಚ್ಚು ಜನರಿರುವ ಸುಮಾರು 500 ನಗರಗಳಿಗೆ. ಅದೇ ವರ್ಷದ ಸ್ಮಾರ್ಟ್ ಸಿಟಿ ಯೋಜನೆ ದೇಶದಲ್ಲಿ 100 ನಗರಗಳಿಗೆ, ಕರ್ನಾಟಕದಲ್ಲಿ ಏಳಕ್ಕೆ. 2021ರಲ್ಲಿ ‘ಅಮೃತ್’ನ ಎರಡನೆಯ ಹಂತ ಎಲ್ಲ ಪಟ್ಟಣಗಳ ಕುಡಿಯುವ ನೀರಿಗೂ ಕೈ ಚಾಚಿದ್ದು ಸ್ವಾಗತಾರ್ಹವೇ. ಆದರೆ ಜನಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಂಡರೆ ಶಿರಸಿಯಂಥ ಊರಿಗೆ ಅನ್ಯಾಯವಾಗುತ್ತದೆ. ನಮ್ಮ ಪೇಟೆಗೆ, ಬಸ್ ನಿಲ್ದಾಣಕ್ಕೆ, ಆಸ್ಪತ್ರೆಗೆ ಬರುವವರು ನಗರಸಭೆಯ ಗಡಿಯೊಳಗಿನವರು ಮಾತ್ರವಲ್ಲ. ಸಿದ್ದಾಪುರ, ಯಲ್ಲಾಪುರ, ಮುಂಡಗೋಡಗಳ ಹಳ್ಳಿಗಳವರೂ ಹೌದು. ಊರನ್ನು ಅಳೆಯಬೇಕಾದದ್ದು ಅದರಲ್ಲಿ ಮಲಗುವವರಿಂದಲ್ಲ, ಅದನ್ನು ನೆಚ್ಚಿಕೊಂಡವರಿಂದ.

ನಮ್ಮನ್ನು ನಾವು ಆಳಿಕೊಳ್ಳುವ ಹಕ್ಕಿನ ಕತೆಯೂ ಹೀಗೆಯೇ. 74ನೆಯ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ಪಟ್ಟಣಗಳ ಆಡಳಿತಕ್ಕೆ 18 ಬಾಬುಗಳ ಪಟ್ಟಿಯನ್ನೇ ಕೊಟ್ಟಿತು. ಕಾಗದದ ಮೇಲೆ ನಗರಸಭೆ ಒಂದು ಸಣ್ಣ ಸರ್ಕಾರ. ಆಚರಣೆಯಲ್ಲಿ? 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ತಕರಾರು ನ್ಯಾಯಾಲಯದ ಮೆಟ್ಟಿಲು ಹತ್ತಿ, ಗೆದ್ದ ಸದಸ್ಯರು ಅಧ್ಯಕ್ಷರಿಲ್ಲದೆ 2020ರವರೆಗೆ ಕಾದರು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದಾಗ ಮತ್ತೆ ಅದೇ ಕತೆ. ಎರಡನೆಯ ಅವಧಿಯ ಮೀಸಲಾತಿ ಗೊತ್ತಾದದ್ದು 2024ರಲ್ಲಿ. ನಡುವಿನ ಕಾಲವೆಲ್ಲ ಅಧಿಕಾರಿಗಳ ಆಡಳಿತ. ನಮ್ಮ ವಾರ್ಡಿನ ಚರಂಡಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ನಾವು ಎದುರುಮನೆಯ ಕಿಟಕಿಯನ್ನು ನೋಡುತ್ತ ಕುಳಿತೆವು. ಪೌರಧರ್ಮಕ್ಕೆ ಅವಕಾಶವಿಲ್ಲದ ಕಡೆ ಜನ ನೆರೆಯವರ ಧರ್ಮವನ್ನು ಕಾಯಲು ತೊಡಗುತ್ತಾರೆ.

ಶಿರಸಿಯನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಕೂಗು ಬಹುಕಾಲದ್ದು. ಅದರಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಜಿಲ್ಲಾಧಿಕಾರಿಯ ಕಚೇರಿ ಬಂದೊಡನೆ ಹೃದಯದ ವೈದ್ಯರೂ ಬರುತ್ತಾರೆಂದು ನಂಬುವಷ್ಟು ನಾನು ತರುಣನಲ್ಲ. ಫಲಕ ಬದಲಾಗುವುದಕ್ಕಿಂತ ಮೊದಲು ಹಾಸಿಗೆ, ವೈದ್ಯ, ರಸ್ತೆ ಈ ಮೂರನ್ನು ಕೇಳಬೇಕು. ಕೇಳುವ ಬಗೆಯನ್ನು 1923ರವರೂ 1983ರವರೂ ನಮಗೆ ತೋರಿಸಿದ್ದಾರೆ.

ಇನ್ನು ಮೊದಲ ಬಗೆಯ ನಷ್ಟ, ಆ ಕಣ್ಣು. ಅದನ್ನು ಯಾವ ಸರ್ಕಾರವೂ ತಿದ್ದಲಾರದು; ನಾವೇ ತಿದ್ದಿಕೊಳ್ಳಬೇಕು. ಆಗದ ಮಾತಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಗಳಿಗೊಮ್ಮೆ ಬಿಡಕಿಬೈಲಿನಲ್ಲಿ ನಡೆಯುತ್ತದೆ. ಲಕ್ಷಾಂತರ ಜನ ಸೇರುತ್ತಾರೆ. ಒಂದು ಕಾಲಕ್ಕೆ ಆ ದೇವಿಯ ಹೆಸರಿನಲ್ಲಿ ಕೋಣನ ಬಲಿ ನಡೆಯುತ್ತಿತ್ತು. 1934ರಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ಶಿರಸಿಗೆ ಬಂದರು. ಆ ಕಾಲದ ಸುಧಾರಣೆಯ ಅಲೆಯಲ್ಲಿ ಬಲಿ ನಿಂತಿತು. ಶತಮಾನಗಳ ನಡವಳಿಕೆಯನ್ನು ಊರಿನವರೇ ಸೇರಿ ಬಿಟ್ಟರು. ದೇವಿಯೂ ಮುನಿಯಲಿಲ್ಲ, ಜಾತ್ರೆಯೂ ಕುಂದಲಿಲ್ಲ. ಅಂಥದನ್ನು ಬಿಡಬಲ್ಲ ಊರಿಗೆ ಮನೆ ಬಾಡಿಗೆಗೆ ಕೊಡುವಾಗ ಕೇಳುವ ಮೂರನೆಯ ಪ್ರಶ್ನೆಯನ್ನು ಬಿಡುವುದು ಅಸಾಧ್ಯವೆ?

ಇಷ್ಟೆಲ್ಲ ಬರೆದು, ಗೆರೆ ಎಳೆದು, ಕೂಡಿ ಕಳೆದು ನೋಡಿದೆ. ಎರಡೂ ಬದಿ ಹೊಂದಿಕೆಯಾಗಲಿಲ್ಲ. ಆಗ, ಬಹಳ ತಡವಾಗಿ, ಒಂದು ಸಂಗತಿ ಹೊಳೆಯಿತು. ಖರ್ಚಿನ ಮೊದಲ ಬಾಬು ಯಾರ ಎದೆಯೋ ಅವಳನ್ನೇ ನಾನು ಕೇಳಿರಲಿಲ್ಲ. ಹಾಳೆಯನ್ನು ಅವಳ ಮುಂದಿಟ್ಟೆ. ಅಡಕೆ ಕತ್ತರಿಸುತ್ತಿದ್ದ ಅವಳು ಅದನ್ನು ಕಣ್ಣೆತ್ತಿಯೂ ನೋಡದೆ ಹೇಳಿದಳು: “ಮಳೆಗಾಲದ ನಾಲ್ಕು ತಿಂಗಳು ಮಗನ ಮನೆ. ಉಳಿದ ಎಂಟು ತಿಂಗಳು ಇಲ್ಲಿ. ಇಲ್ಲಿ ಆಸ್ಪತ್ರೆಯಾದ ದಿನ ಹನ್ನೆರಡು ತಿಂಗಳೂ ಇಲ್ಲಿಯೇ. ಮನೆ ಮಾರುವ ಮಾತು ಬೇಡ.” ತುಸು ತಡೆದು ಮತ್ತೆ, “ಮಾಳಿಗೆ ಖಾಲಿ ಇಡಬೇಡಿ. ಯಾರಾದರೂ ಕೇಳಿಕೊಂಡು ಬಂದರೆ ಈ ಸಲ ನಾನು ಮಾತಾಡುತ್ತೇನೆ” ಎಂದಳು.

ನಾನು ಹಾಳೆಯನ್ನು ಮಡಿಸಿಟ್ಟೆ. ಮಗನಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು “ನೋಡೋಣ” ಎಂದ. ಮಾರ್ಚ್ 1 ಮಳೆಗಾಲವಲ್ಲ. 2027ರಲ್ಲಿ ಗಣತಿಯವರು ಬಂದಾಗ ನಾವಿಬ್ಬರೂ ಶಿರಸಿಯ ಲೆಕ್ಕದಲ್ಲಿಯೇ ಇರಬೇಕೆಂಬುದು ನಮ್ಮ ಎಣಿಕೆ. ಲೆಕ್ಕಕ್ಕೆ ತೆಗೆದುಕೊಂಡವರನ್ನು ಸರ್ಕಾರ ಲಕ್ಷ್ಯಕ್ಕೂ ತೆಗೆದುಕೊಳ್ಳುವಂತೆ ಮಾಡುವುದು ಉಳಿದ ಕೆಲಸ.